ಗ್ರೀನ್ ಕಾರ್ಡು, ಬೆಣ್ಣೆ ದೋಸೆ, ಒಂದು ಪಿಸ್ತೂಲು

ನಮ್ಮ ಗುಂಪಿನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಊರೇ ಹೆಸರು. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ, ತಿಂಗಳಿಗೆರಡು ಶನಿವಾರ, ದಾವಣಗೆರೆಯ ಮನೆಯ ಹಿತ್ತಲಲ್ಲಿ ಸೇರುತ್ತೇವೆ. ಅವನು ಹಂಚಿನ ಮುಂದೆ, ನಾವು ತಟ್ಟೆಯ ಮುಂದೆ. ಮೊನ್ನೆ ದೋಸೆ ಮಗುಚುತ್ತ, ಉಪ್ಪು ಕಮ್ಮಿಯಾಯ್ತಾ ಅನ್ನುವ ದನಿಯಲ್ಲೇ ಹೇಳಿದ: "ಒಂದು ಪಿಸ್ತೂಲು ತಗೊಳ್ಳೋಣ ಅಂತಿದೀನಿ."

ಎಲ್ಲರ ಕೈ ನಿಂತಿತು. ಹುಬ್ಬಳ್ಳಿ ಮಾತ್ರ ಚಟ್ನಿ ಬಡಿಸಿಕೊಂಡ. "ಯಾಕಪ್ಪ, ದೋಸೆ ಚೆನ್ನಾಗಿಲ್ಲ ಅಂದೋರು ಯಾರು?" (ಅವನ ಮಾತನ್ನು ಸ್ವಲ್ಪ ಇಸ್ತ್ರಿ ಮಾಡಿ ಬರೆಯುತ್ತಿದ್ದೇನೆ. ಧಾಟಿ ನೀವೇ ಹಾಕಿಕೊಳ್ಳಿ.)

"ಗ್ರೀನ್ ಕಾರ್ಡ್ ಬಂತಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿದ್ದಾಗ ಇಟ್ಟುಕೊಳ್ಳೋ ಹಾಗಿರಲಿಲ್ಲ. ಫೆಡರಲ್ ಕಾನೂನು."

"ಹಂಗಾದ್ರೆ ಬಂದೂಕಿಗೆ ಕಡಿವಾಣ ಹಾಕೋಕೆ ಈ ಡೆಮಾಕ್ರಟರು ಸುಮ್ನೆ ಒದ್ದಾಡ್ತಿದಾರೆ. ದೇಶದ ಎಲ್ಲರಿಗೂ ಎಚ್-1ಬಿ ಕೊಟ್ಟು ಗ್ರೀನ್ ಕಾರ್ಡಿನ ಇಂಡಿಯಾ ಕ್ಯೂನಲ್ಲಿ ನಿಲ್ಲಿಸಿಬಿಟ್ಟರೆ ಆಯ್ತಲ್ಲ. ಮೊಮ್ಮಕ್ಕಳ ಕಾಲಕ್ಕೂ ಒಂದು ಗುಂಡು ಹಾರಲ್ಲ."

ಮೈಸೂರು ಕನ್ನಡಕ ಸರಿಮಾಡಿಕೊಂಡ. ಅವನು ಕಾನೂನು ಓದುವವನು, ನಮ್ಮ ದುರದೃಷ್ಟ. "ಅದಕ್ಕೂ ಒಂದು ಸಂದಿಯಿದೆ. ಯಾವುದಾದರೂ ರಾಜ್ಯದ ಬೇಟೆ ಲೈಸನ್ಸ್ ಇದ್ದರೆ ಎಚ್-1ಬಿಯವರೂ ಕೊಳ್ಳಬಹುದು."

"ಅಂದರೆ ಹೆಂಡತಿಗೆ ಕೆಲಸ ಮಾಡೋಕೆ ಪರ್ಮಿಟ್ ಬೇಕು. ನಾನು ಕಾಡುಹಂದಿ ಹೊಡೀತೀನಿ ಅಂದರೆ ಬಂದೂಕು ಸಿಗುತ್ತೆ?"

"ಟೆಕ್ಸಾಸಲ್ಲಿ ಹಂದಿಗೇನು ಬರವಿಲ್ಲ."

ಮೈಸೂರಿಗೆ ಇಷ್ಟು ಸಾಕು, ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಗೆ ಹಾರಿದ. 1791ರದ್ದು, ಇಂಗ್ಲಿಷಿನಲ್ಲಿ ಒಟ್ಟು 27 ಪದ. ಮೊದಲ ಅರ್ಧದಲ್ಲಿ ಶಿಸ್ತಿನ ನಾಗರಿಕ ಪಡೆಯ ಮಾತು, ಎರಡನೇ ಅರ್ಧದಲ್ಲಿ ಜನ ಆಯುಧ ಇಟ್ಟುಕೊಳ್ಳುವ ಹಕ್ಕು. "ಡೆಮಾಕ್ರಟರು ಮೊದಲರ್ಧ ಓದಿ ಪುಸ್ತಕ ಮುಚ್ತಾರೆ. ರಿಪಬ್ಲಿಕನ್ನರು ಎರಡನೇ ಅರ್ಧದಿಂದ ಶುರು ಮಾಡ್ತಾರೆ. ನಮ್ಮ ಮೇಷ್ಟ್ರು ಹಳಗನ್ನಡ ಪದ್ಯಕ್ಕೆ ಅನ್ವಯ ಮಾಡಿಸ್ತಿದ್ದರಲ್ಲ, ಹಾಗೆ. 2008ರಲ್ಲಿ ಸುಪ್ರೀಂ ಕೋರ್ಟು ಅನ್ವಯ ಮಾಡ್ತು. ಆತ್ಮರಕ್ಷಣೆಗೆ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳೋದು ಒಬ್ಬೊಬ್ಬನ ಹಕ್ಕು ಅಂತ. ಐದು ಜನ ಹೌದು ಅಂದರು, ನಾಲ್ಕು ಜನ ಅಲ್ಲ ಅಂದರು."

"ಹಳಗನ್ನಡಕ್ಕೆ ಅಷ್ಟೂ ಒಮ್ಮತ ಇರಲಿಲ್ಲ ಬಿಡು," ಅಂದೆ ನಾನು.

ಮೈಸೂರನ್ನು ನಂಬುವುದೂ ಕಷ್ಟ. ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿಗಳ ಬಾಗಿಲ ಮೇಲಿನ 30.06, 30.07 ಅನ್ನುವ ಬೋರ್ಡು ನೋಡಿ, ಏನೋ ಸೇಲ್ ಇದೆ, ಜೂನ್ 30ಕ್ಕೆ ಶುರು, ಜುಲೈ 30ಕ್ಕೆ ಮುಗಿಯುತ್ತೆ ಅಂದುಕೊಂಡಿದ್ದ ಮಹಾನುಭಾವ. ಅವು ಟೆಕ್ಸಾಸ್ ದಂಡ ಸಂಹಿತೆಯ ಸೆಕ್ಷನ್ನುಗಳು. ಬಚ್ಚಿಟ್ಟುಕೊಂಡೋ ಕಾಣುವಂತೆಯೋ ಪಿಸ್ತೂಲು ಒಳಗೆ ತರಬೇಡಿ ಅಂತ. 2021ರ ಸೆಪ್ಟೆಂಬರಿನಿಂದ ಇಲ್ಲಿ 21 ದಾಟಿದವರು ಬೇರೆ ಅಡ್ಡಿ ಇಲ್ಲದಿದ್ದರೆ ಪರ್ಮಿಟ್ಟೇ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ಕ್ಷೌರ ಮಾಡುವವನಿಗೆ ಮಾತ್ರ ಲೈಸನ್ಸ್ ಬೇಕೇ ಬೇಕು. ತಲೆಯ ವಿಷಯ ನೋಡಿ.

"ಕೊಳ್ಳೋವಾಗ ಚೆಕ್ ಮಾಡ್ತಾರಪ್ಪ," ಅಂದ ದಾವಣಗೆರೆ. ನಿಜ. ಅಂಗಡಿಯಲ್ಲಾದರೆ 4473 ಅಂತ ಒಂದು ಫಾರ್ಮು ತುಂಬಬೇಕು. ಎಫ್‌ಬಿಐನವರು ಹೆಸರು ತಾಳೆ ನೋಡುತ್ತಾರೆ. 1998ರಿಂದ ಹೀಗೆ. ಅದೇ ಪಕ್ಕದ ಬೀದಿಯವನು ತನ್ನ ಹಳೆಯದನ್ನು ಮಾರಿದರೆ ಟೆಕ್ಸಾಸಿನಲ್ಲಿ ಆ ತಾಳೆಯೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಮಾರ್ಟಿನ್ಸ್‌ಬರ್ಗಿನ ಕತೆ. ವೆಸ್ಟ್ ವರ್ಜೀನಿಯಾದ ಊರು. ಅಪರಾಧದಲ್ಲಿ ಸಿಕ್ಕ ಬಂದೂಕು ಯಾರು ಕೊಂಡದ್ದು ಅಂತ ಹುಡುಕುವ ಸರ್ಕಾರಿ ಕೇಂದ್ರ ಅಲ್ಲಿದೆ. ಆದರೆ ದೇಶದ ಬಂದೂಕುಗಳ ಪಟ್ಟಿ ಮಾಡಬಾರದು ಅಂತ 1986ರ ಕಾನೂನು. ಹಾಗಾಗಿ ಕಂಪ್ಯೂಟರಿನಲ್ಲಿ ಹೆಸರು ಹೊಡೆದು ಹುಡುಕುವಂತಿಲ್ಲ. ಮುಚ್ಚಿಹೋದ ಅಂಗಡಿಗಳ ದಾಖಲೆಗಳೆಲ್ಲ ಡಬ್ಬ ಡಬ್ಬ ಬಂದು ಬೀಳುತ್ತವೆ. ಕಾಗದದ ಭಾರಕ್ಕೆ ನೆಲ ಕುಸಿದೀತು ಅಂತ ಹೊರಗೆ ಕಂಟೇನರುಗಳಲ್ಲೂ ತುಂಬಿಟ್ಟಿದ್ದರು. ಚಂದ್ರನ ಮೇಲೆ ಕಾಲಿಟ್ಟ ದೇಶದಲ್ಲಿ ನಮ್ಮೂರ ರೆಕಾರ್ಡ್ ರೂಮ್ ಕಂಡ ಹಾಗಾಯಿತು. ಜಿರಳೆ ಒಂದು ಕಮ್ಮಿ.

ನಾನು ಶಿರಸಿ. ನಮ್ಮ ಮಾವನ ಹತ್ತಿರ ತೋಟ ಕಾಯೋಕೆ ಒಂದು ಕೋವಿಯಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಮಂಗಗಳಿಗೆ ಮಾತ್ರ ನೀತಿ ಸಂಹಿತೆ ಇಲ್ಲ, ಸರಿಯಾಗಿ ಅದೇ ತಿಂಗಳು ಬರುತ್ತಿದ್ದವು. ಇಲ್ಲಿ ಉಲ್ಟಾ. ಬಂದೂಕಿಗೆ ಕಡಿವಾಣ ಹಾಕುವವರು ಗೆಲ್ಲುತ್ತಾರೆ ಅಂತ ಗುಸುಗುಸು ಎದ್ದರೆ ಸಾಕು, ಜನ ಅಂಗಡಿಗೆ ಓಡುತ್ತಾರೆ. ಒಬಾಮ ಗೆದ್ದಾಗ ವ್ಯಾಪಾರ ಜೋರಾಯಿತು.

ಇಷ್ಟು ಹೊತ್ತೂ ಮಡಿಕೇರಿ ಬಾಯಿ ಬಿಟ್ಟಿರಲಿಲ್ಲ. ನಮ್ಮಲ್ಲಿ ಬಂದೂಕು ನಿಜವಾಗಿ ಗೊತ್ತಿರುವವನು ಅವನೊಬ್ಬನೇ. ಕೊಡವರಿಗೆ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ.

"ಎಲ್ಲಿಡ್ತೀಯ?" ಅಂತ ಕೇಳಿದ.

"ಏನು?"

"ಪಿಸ್ತೂಲು. ತಗೊಂಡು ಎಲ್ಲಿಡ್ತೀಯ?"

"ಮಂಚದ ಪಕ್ಕ ಡ್ರಾಯರಲ್ಲಿ. ಕಳ್ಳ ಬಂದರೆ ಕೈಗೆ ಸಿಗಬೇಕಲ್ಲ."

ಅತ್ತಿಗೆ ಕಾಫಿ ಲೋಟಗಳನ್ನು ಅಲ್ಲೇ ಕೆಳಗಿಟ್ಟರು. "ಆ ಡ್ರಾಯರಲ್ಲಿ ಚಾಕೊಲೇಟ್ ಬಚ್ಚಿಟ್ಟಿದ್ದೆ. ನಿಮ್ಮ ಮಗ ಮಧ್ಯಾಹ್ನದೊಳಗೆ ಖಾಲಿ ಮಾಡಿದ."

"ನಮ್ಮಲ್ಲಿ ಮೊದಲು ಕಲಿಸ್ತಿದ್ದದ್ದು ಹೊಡೆಯೋದಲ್ಲ," ಅಂದ ಮಡಿಕೇರಿ. "ಖಾಲಿ ಅಂತ ನಂಬಬೇಡ. ಆಟಕ್ಕೂ ಯಾರ ಕಡೆಗೂ ತಿರುಗಿಸಬೇಡ. ಇಲ್ಲಿ ಒಂದು ವಿಷಯ ಯಾರೂ ಜಾಸ್ತಿ ಮಾತಾಡಲ್ಲ. ಈ ದೇಶದಲ್ಲಿ ಗುಂಡಿನಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಹೊಡೆದುಕೊಂಡವರು. ಕಳ್ಳ ಬರಲಿ ಬಿಡಲಿ, ಮನೆಯವರು ಮನೆಯಲ್ಲೇ ಇರ್ತಾರಲ್ಲ."

ಹಂಚಿನ ಮೇಲಿನ ದೋಸೆ ಸೀದ ವಾಸನೆ ಬಂತು. ಯಾರೂ ಜೋಕ್ ಮಾಡಲಿಲ್ಲ, ಹುಬ್ಬಳ್ಳಿಯೂ.

ಮೈಸೂರೇ ಮೆಲ್ಲಗೆ ಸೇರಿಸಿದ: 17ರೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲೂ ಅಪರಾಧ. ಮಿಶಿಗನ್ನಿನಲ್ಲಿ ಮಗ ಶಾಲೆಯಲ್ಲಿ ನಾಲ್ವರನ್ನು ಕೊಂದಿದ್ದಕ್ಕೆ 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಜೈಲು ಶಿಕ್ಷೆಯಾಯಿತು.

"ನಮ್ಮದು ಬಿಡಿ," ಅಂದರು ಅತ್ತಿಗೆ. "ಎರಡು ವರ್ಷದಿಂದ ಇವನು ಪಕ್ಕದ ಮನೆಗೆ ಆಡೋಕೆ ಹೋಗ್ತಾನೆ. ಕಡಲೆಕಾಯಿ ಇದೆಯಾ ಕೇಳಿದೀನಿ. ನಾಯಿ ಕಚ್ಚುತ್ತಾ ಕೇಳಿದೀನಿ. ಈಜುಕೊಳಕ್ಕೆ ಬೇಲಿ ಇದೆಯಾ ಕೇಳಿದೀನಿ. ಇದೊಂದು ಕೇಳೇ ಇಲ್ಲ. ಏನಂದುಕೊಳ್ತಾರೋ ಅಂತ."

"ಸಂಬಳ ಎಷ್ಟು ಅಂತ ಕೇಳೋ ಜನ ನಾವು," ಅಂದ ಹುಬ್ಬಳ್ಳಿ.

ಅತ್ತಿಗೆ ಫೋನ್ ತೆಗೆದರು. ಮೂರು ಸಲ ಬರೆದು ಅಳಿಸಿ, ಕೊನೆಗೆ ಕಳಿಸಿದರು. ಸೀದ ದೋಸೆಯನ್ನು ದಾವಣಗೆರೆ ಕೆರೆದು ತೆಗೆಯುವಷ್ಟರಲ್ಲಿ ಉತ್ತರ ಬಂತು: ಮೂರು ಇವೆ, ಎಲ್ಲಾ ಸೇಫಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ, ಗುಂಡು ಬೇರೆ ಕಡೆ. ಕೇಳಿದ್ದು ಒಳ್ಳೆಯದಾಯಿತು. ನಿಮ್ಮಲ್ಲಿ?

ಅತ್ತಿಗೆ ಫೋನನ್ನು ಗಂಡನ ಮುಖಕ್ಕೆ ಹಿಡಿದರು. "ಏನಂತ ಬರೀಲಿ?"

ದಾವಣಗೆರೆ ಹಂಚಿಗೆ ನೀರು ಚಿಮುಕಿಸಿದ. ಚುಂಯ್ ಅಂತು.

"ಸದ್ಯಕ್ಕೆ ದೋಸೆ ಹಂಚು ಮಾತ್ರ ಅಂತ ಬರಿ."