ಕಾಲ್ ಬಂದ ಕೂಡಲೇ ಸಿಮ್800ಎಲ್ ರೀಸ್ಟಾರ್ಟ್ ಆಗುತ್ತಿದೆ – ಬೋರ್‌ವೆಲ್ ಮೋಟರ್‌ಗೆ ಮೊಬೈಲ್ ಕಂಟ್ರೋಲ್

ತೋಟದ_ಸರ್ಕಿಟ್ (ಪ್ರಶ್ನೆ)

ಅಡಿಕೆ ತೋಟದ ಬೋರ್‌ವೆಲ್‌ಗೆ 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಇದೆ, ಡಿಒಎಲ್ (ಮೋಟರ್‌ಗೆ ನೇರವಾಗಿ ಪೂರ್ಣ ವೋಲ್ಟೇಜ್ ಕೊಡುವ) ಸ್ಟಾರ್ಟರ್. ತ್ರೀ ಫೇಸ್ ಸಿಗುವುದು ದಿನಕ್ಕೆ 7 ಗಂಟೆ, ಎಷ್ಟೋ ಸಲ ಪಾಳಿ ರಾತ್ರಿಗೇ ಬೀಳುತ್ತದೆ. ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗಬೇಕು, ಎಸ್‌ಎಂಎಸ್ ಕಳಿಸಿದರೆ ಆಫ್ ಆಗಬೇಕು, ತ್ರೀ ಫೇಸ್ ಬಂದಾಗ ಬೋರ್ಡ್ ತಾನಾಗಿ ನನಗೆ ಮೆಸೇಜ್ ಕಳಿಸಬೇಕು.

ಈಗಿರುವುದು: ಕೋಡ್ ಓಡಿಸಲು ಆರ್ಡುಯಿನೊ ಉನೊ, ಕಾಲ್–ಎಸ್‌ಎಂಎಸ್‌ಗೆ ಸಿಮ್800ಎಲ್ ಎಂಬ ಜಿಎಸ್‌ಎಂ ಮಾಡ್ಯೂಲಿನ ಚಿಕ್ಕ ಕೆಂಪು ಬೋರ್ಡ್, ವೋಲ್ಟೇಜ್ ಇಳಿಸಲು ಎಲ್‌ಎಂ2596 ಬಕ್ ಮಾಡ್ಯೂಲ್ 3.7 ವೋಲ್ಟ್‌ಗೆ ಇಟ್ಟಿದೆ. ಎಲ್ಲವೂ ಬ್ರೆಡ್‌ಬೋರ್ಡ್ ಮೇಲೆ. ಎಲ್‌ಇಡಿ ಕೆಲವೊಮ್ಮೆ 3 ಸೆಕೆಂಡಿಗೊಮ್ಮೆ ಮಿನುಗುತ್ತದೆ, ಅಂದರೆ ನೆಟ್‌ವರ್ಕ್ ಸಿಕ್ಕಿದೆ. ಆದರೆ ಕಾಲ್ ಬಂದ ಕೂಡಲೇ ಮತ್ತೆ ಬೇಗ ಬೇಗ ಮಿನುಗಲು ಶುರು. ಮಲ್ಟಿಮೀಟರ್ ಮಾತ್ರ 3.7ರಿಂದ ಅಲುಗುವುದಿಲ್ಲ. ಜಿಯೋ ಸಿಮ್ ಹಾಕಿದರಂತೂ ನೆಟ್‌ವರ್ಕೇ ಹಿಡಿಯುವುದಿಲ್ಲ.

ಕೋಡ್ ನೋಡಬೇಕೋ, ಮಾಡ್ಯೂಲ್ ಬದಲಿಸಬೇಕೋ? ಸ್ಟಾರ್ಟರ್‌ಗೆ ಸಾಮಾನ್ಯ ನೀಲಿ 5 ವೋಲ್ಟ್ ರಿಲೇ ಸಾಕೇ?

ಬೆಸುಗೆಕಡ್ಡಿ

ಕೋಡ್ ಮುಟ್ಟಬೇಡಿ, ಪವರ್ ನೋಡಿ. ಜಿಎಸ್‌ಎಂ ಮಾಡ್ಯೂಲ್ ಕೆಲಸ ಮಾಡುತ್ತಿಲ್ಲ ಎನ್ನುವ ದೂರುಗಳಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಇಲ್ಲೇ.

2ಜಿಯಲ್ಲಿ ಮಾಡ್ಯೂಲ್ ಒಂದೇ ಸಮನೆ ಟ್ರಾನ್ಸ್‌ಮಿಟ್ ಮಾಡುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೋಸೆಕೆಂಡ್ ಮಾತ್ರ ಮಾಡುತ್ತದೆ. ಆ ಚೂರು ಹೊತ್ತಿನಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಮಲ್ಟಿಮೀಟರ್ ತೋರಿಸುವುದು ಸರಾಸರಿ, ಆದ್ದರಿಂದ ಈ ಕುಸಿತ ಅದಕ್ಕೆ ಕಾಣುವುದೇ ಇಲ್ಲ. ಈಗ ಲೆಕ್ಕ ಹಾಕಿ: ಜಂಪರ್ ವೈರ್, ಬ್ರೆಡ್‌ಬೋರ್ಡ್ ಕ್ಲಿಪ್, ಗ್ರೌಂಡ್ ವೈರ್ ಎಲ್ಲ ಸೇರಿ ಬರೀ 0.2 ಓಮ್ ಇದ್ದರೂ 2 ಆಂಪಿಯರ್‌ಗೆ 0.4 ವೋಲ್ಟ್ ಬೀಳುತ್ತದೆ. ನೀವು ಕೊಟ್ಟ 3.7 ಮಾಡ್ಯೂಲಿನ ಪಿನ್‌ಗೆ ತಲುಪುವಾಗ 3.3. ಸಿಮ್800ಎಲ್‌ಗೆ ಕನಿಷ್ಠ 3.4 ಬೇಕು. ಸುಮ್ಮನೆ ಕೂತಾಗ ಸರಿ ಇದ್ದು, ಕಾಲ್ ಬಂದಾಗ ಬಿದ್ದುಹೋಗುವುದು ಇದಕ್ಕೇ. ಸ್ಟಾರ್ಟರ್ ಬಾಕ್ಸಿನೊಳಗೆ ಸಿಗ್ನಲ್ ಕಡಿಮೆ ಇದ್ದಷ್ಟೂ ಮಾಡ್ಯೂಲ್ ಹೆಚ್ಚು ಪವರ್‌ನಲ್ಲಿ ಕೂಗುತ್ತದೆ, ಕುಸಿತವೂ ಹೆಚ್ಚು.

ಮಾಡಬೇಕಾದ್ದು: ಬಕ್ ಅನ್ನು 4.0 ವೋಲ್ಟ್‌ಗೆ ಇಡಿ. 4.4 ದಾಟಲೇಬಾರದು. ಬಕ್‌ನಿಂದ ಮಾಡ್ಯೂಲಿಗೆ ದಪ್ಪ ವೈರ್ ನೇರವಾಗಿ ಬೆಸುಗೆ ಹಾಕಿ, 10 ಸೆಂಟಿಮೀಟರ್ ಒಳಗಿರಲಿ. ಮಾಡ್ಯೂಲಿನ ವಿಸಿಸಿ (ಪವರ್)–ಗ್ರೌಂಡ್ ಪಿನ್‌ಗೇ ಅಂಟಿದಂತೆ 1000 ಮೈಕ್ರೋಫ್ಯಾರಡ್ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್, ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು. ಇದೇ ಕೆಪಾಸಿಟರ್ ಬಕ್ ಹತ್ತಿರ ಇದ್ದರೆ ಪ್ರಯೋಜನ ಕಡಿಮೆ, ಏಕೆಂದರೆ ಕುಸಿತ ಆಗುವುದು ನಡುವಿನ ವೈರಿನಲ್ಲಿ. ಉನೊದ 5 ವೋಲ್ಟ್ ಪಿನ್‌ನಿಂದ ಡಯೋಡ್ ಹಾಕಿ ಇಳಿಸುವ ಉಪಾಯ ಬೇಡ. ಲೋಡ್ ಇಲ್ಲದಾಗ ಡಯೋಡ್ ಸರಿಯಾಗಿ ಇಳಿಸುವುದಿಲ್ಲ, ಲೋಡ್ ಬಂದಾಗ ಯುಎಸ್‌ಬಿ ತಾಳುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಐಪಿಆರ್ ಎಂಬ ಎಟಿ ಕಮಾಂಡ್‌ನಲ್ಲಿ (ಮಾಡ್ಯೂಲಿಗೆ ಸೀರಿಯಲ್ ಮೂಲಕ ಕೊಡುವ ಆದೇಶ) ಬಾಡ್ ರೇಟ್, ಅಂದರೆ ಸೀರಿಯಲ್ ವೇಗ, 9600ಕ್ಕೆ ಕಟ್ಟಿಹಾಕಿ ಸೇವ್ ಮಾಡಿ. ಆಮೇಲೆ ಸೀರಿಯಲ್ ಮಾನಿಟರ್‌ನಲ್ಲಿ ಕೆಲಸದ ಮಧ್ಯೆ ‘ಕಾಲ್ ರೆಡಿ’, ‘ಎಸ್‌ಎಂಎಸ್ ರೆಡಿ’ ಸಾಲುಗಳು ಮತ್ತೆ ಬಂದರೆ ಮಾಡ್ಯೂಲ್ ಸತ್ತು ಹುಟ್ಟಿದೆ ಎಂದೇ ಅರ್ಥ. ‘ಅಂಡರ್ ವೋಲ್ಟೇಜ್’ ಎಂಬ ಸಾಲು ಕಂಡರೆ ಬೇರೆ ಸಾಕ್ಷಿ ಬೇಡ.

ಇನ್ನೊಂದು. ಆ ಬೋರ್ಡಿನ ಸೀರಿಯಲ್ ಪಿನ್‌ಗಳು 2.8 ವೋಲ್ಟ್‌ನವು, ಉನೊ ಕೊಡುವುದು 5. ಉನೊ ಟಿಎಕ್ಸ್‌ನಿಂದ ಮಾಡ್ಯೂಲ್ ಆರ್‌ಎಕ್ಸ್‌ಗೆ ಹೋಗುವ ದಾರಿಯಲ್ಲಿ ಮೇಲೆ 4.7 ಕಿಲೋಓಮ್, ಗ್ರೌಂಡಿಗೆ 5.6 ಕಿಲೋಓಮ್ ಹಾಕಿದರೆ 2.7 ಚಿಲ್ಲರೆ ಸಿಗುತ್ತದೆ. ತಿರುಗಿ ಬರುವ 2.8 ವೋಲ್ಟನ್ನು ಉನೊ ಸಾಮಾನ್ಯವಾಗಿ ಓದುತ್ತದೆ. ಆದರೆ ಅದರ ಚಿಪ್ ಗ್ಯಾರಂಟಿ ಕೊಡುವುದು 3.0ರಿಂದ ಮೇಲೆ. ಹೊಸದಾಗಿ ಕಟ್ಟುವುದಾದರೆ ಇಎಸ್‌ಪಿ32 ತೆಗೆದುಕೊಳ್ಳಿ, ಹಾರ್ಡ್‌ವೇರ್ ಸೀರಿಯಲ್ ಕೂಡ ಸಿಗುತ್ತದೆ.

ಟವರ್ ಕಂಡವ

ಸಿಮ್ ವಿಷಯಕ್ಕೆ. ಜಿಯೋಗೆ 2ಜಿ ಇಲ್ಲವೇ ಇಲ್ಲ, 2016ರಲ್ಲಿ ಶುರುವಾದಾಗಿನಿಂದಲೂ 4ಜಿ. ಸಿಮ್800ಎಲ್ 2ಜಿ ಬಿಟ್ಟು ಬೇರೇನೂ ಅರಿಯದು. ಏರ್‌ಟೆಲ್ ಅಥವಾ ವಿಐ ಸಿಮ್ ಹಾಕಿ. ಮೊದಲು ಅದನ್ನು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ, ಫೋನನ್ನು ‘2ಜಿ ಓನ್ಲಿ’ಗೆ ಇಟ್ಟು ಬೋರ್‌ವೆಲ್ ಹತ್ತಿರವೇ ನಿಂತು ಕಾಲ್ ಮಾಡಿ ನೋಡಿ. ಅಲ್ಲಿ ಫೋನಿಗೇ ಸಿಗದ್ದು ಮಾಡ್ಯೂಲಿಗೂ ಸಿಗುವುದಿಲ್ಲ.

ನಂತರ ಸಿಗ್ನಲ್ ಎಷ್ಟಿದೆ ಎಂದು ಕೇಳುವ ಸಿಎಸ್‌ಕ್ಯೂ ಕಮಾಂಡ್. ಉತ್ತರ 0ಯಿಂದ 31ರವರೆಗೆ ಬರುತ್ತದೆ, 99 ಬಂದರೆ ಸಿಗ್ನಲ್ ಅಳೆಯಲಾಗಿಲ್ಲ ಎಂದು. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ (ಸಿಗ್ನಲ್ ಬಲದ ಅಳತೆ): 10 ಅಂದರೆ ಮೈನಸ್ 93. ಅದಕ್ಕಿಂತ ಕೆಳಗಿದ್ದರೆ ಮಳೆಗಾಲದಲ್ಲಿ ನೆಚ್ಚಿಕೊಳ್ಳಬೇಡಿ. ನೆಟ್‌ವರ್ಕ್‌ಗೆ ಸೇರಿದೆಯೇ ಎಂದು ಕೇಳುವ ಸಿಆರ್‌ಇಜಿಗೆ 0,1 ಬಂದರೆ ಸ್ವಂತ ನೆಟ್‌ವರ್ಕ್, 0,5 ರೋಮಿಂಗ್, 0,2 ಇನ್ನೂ ಹುಡುಕುತ್ತಿದೆ, 0,3 ಬಂದರೆ ನೆಟ್‌ವರ್ಕ್ ತಾನೇ ನಿರಾಕರಿಸಿದೆ.

ಸ್ಪ್ರಿಂಗ್ ಆಂಟೆನಾ ಕಬ್ಬಿಣದ ಸ್ಟಾರ್ಟರ್ ಬಾಕ್ಸಿನೊಳಗೆ ಇದ್ದರೆ ಇದ್ದೂ ಇಲ್ಲದಂತೆ. 3 ಮೀಟರ್ ಕೇಬಲ್‌ನ ಹೊರ ಆಂಟೆನಾ ತಂದು ಕಂಬಕ್ಕೆ ಕಟ್ಟಿ. ಆಂಟೆನಾ ಇಲ್ಲದೆ ಪವರ್ ಕೊಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಕಲಿಯಲು ಸಿಮ್800ಎಲ್ ಚೆನ್ನಾಗಿದೆ, ತೋಟದಲ್ಲಿ ವರ್ಷಗಟ್ಟಲೆ ಇಡುವುದಕ್ಕೆ 4ಜಿ ಮಾಡ್ಯೂಲ್ ಮೇಲು. ಎ7670ಸಿ 4ಜಿ ಜೊತೆಗೆ 2ಜಿಯನ್ನೂ ಹಿಡಿಯುತ್ತದೆ, ನಮ್ಮಲ್ಲಿ ಬಳಕೆಯಲ್ಲಿರುವ ಬ್ಯಾಂಡ್ 3, 5, 40 ಅದರಲ್ಲಿವೆ. ಅದರ ಚಿಪ್ಪಿನ ಲಾಜಿಕ್ 1.8 ವೋಲ್ಟ್, ಹಾಗಾಗಿ ಬೋರ್ಡಿನಲ್ಲಿ ಲೆವೆಲ್ ಶಿಫ್ಟರ್ ಇದೆಯೇ ಎಂದು ನೋಡಿಯೇ ಕೊಳ್ಳಿ. ಜಿಯೋದಲ್ಲಿ ಕಾಲ್ ನಡೆಯಲು ವೋಲ್ಟ್‌ಇ (4ಜಿ ಮೂಲಕವೇ ಕಾಲ್ ಮಾಡುವ ವ್ಯವಸ್ಥೆ) ಬೇಕು. ಮಿಸ್ಡ್ ಕಾಲ್ ನಂಬಿಕೊಂಡಿರುವ ನಿಮಗೆ ಇದು ಮುಖ್ಯ: ವಾಯ್ಸ್ ಇರುವ ಆವೃತ್ತಿಯೇ ಎಂದು ಅಂಗಡಿಯವರನ್ನು ಕೇಳಿ. ಡೇಟಾ ಬೇಕಾದರೆ ಎಪಿಎನ್ (ಆಪರೇಟರ್‌ನ ಡೇಟಾ ಸಂಪರ್ಕದ ಹೆಸರು): ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’.

ಪ್ಯಾನೆಲ್ ವೈರಿಂಗ್

ನೀಲಿ ರಿಲೇ ಬಗ್ಗೆ ಯಾರೂ ಹೇಳಲಿಲ್ಲ, ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಅಲ್ಲೇ. ತೋಟದ ಡಿಒಎಲ್ ಸ್ಟಾರ್ಟರ್‌ಗಳಲ್ಲಿ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಟ್ಟು ಬಿಡುವ ದೊಡ್ಡ ಸ್ವಿಚ್) ಕಾಯಿಲ್ ಸಾಮಾನ್ಯವಾಗಿ ಎರಡು ಫೇಸ್ ನಡುವೆ, 415 ವೋಲ್ಟ್‌ನದು. ನೀಲಿ ರಿಲೇ ಮೇಲೆ ಬರೆದಿರುವುದು 250 ವೋಲ್ಟ್. ನಾಲ್ಕು ದಿನ ನಡೆಯುತ್ತದೆ, ಆಮೇಲೆ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ ಇಲ್ಲವೇ 415 ವೋಲ್ಟ್ ನಿಮ್ಮ ಬೋರ್ಡಿಗೆ ಹಾರುತ್ತದೆ. ಮಧ್ಯೆ 12 ವೋಲ್ಟ್ ಡಿಸಿ ಕಾಯಿಲ್ ಇರುವ, 415 ವೋಲ್ಟ್ ತಾಳುವ ಆಕ್ಸಿಲಿಯರಿ ಕಾಂಟ್ಯಾಕ್ಟರ್ ಹಾಕಿ. ಅದರ ಡಿಸಿ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲಿ.

ವೈರಿಂಗ್ ಎರಡು ಮಾತಿನದು. ಆನ್ ಮಾಡುವ ಕಾಂಟ್ಯಾಕ್ಟ್, ಹಸಿರು ಬಟನ್‌ಗೆ ಪ್ಯಾರಲೆಲ್, ನಾರ್ಮಲಿ ಓಪನ್ (ಸುಮ್ಮನಿದ್ದಾಗ ತೆರೆದಿರುವುದು), ಒಂದೂವರೆ ಸೆಕೆಂಡ್ ಒತ್ತಿ ಬಿಡಬೇಕು. ಆಫ್ ಮಾಡುವುದು, ಕೆಂಪು ಬಟನ್‌ಗೆ ಸೀರೀಸ್, ನಾರ್ಮಲಿ ಕ್ಲೋಸ್ಡ್ (ಸುಮ್ಮನಿದ್ದಾಗ ಮುಚ್ಚಿರುವುದು). ಹೀಗೆ ಮಾಡಿದರೆ ಬೋರ್ಡ್ ಕೆಟ್ಟರೂ ಕೈಯಿಂದ ಬಟನ್ ಒತ್ತಿ ಮೋಟರ್ ನಡೆಸಬಹುದು, ಓವರ್‌ಲೋಡ್ ರಿಲೇಯೂ ತನ್ನ ಕೆಲಸ ಮಾಡುತ್ತಿರುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಇದ್ದರೆ ಅದನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. ಅದರಲ್ಲಿ ಖಾಲಿ ಕಾಂಟ್ಯಾಕ್ಟ್ ಒಂದಿದ್ದರೆ ಅದನ್ನೇ ‘ತ್ರೀ ಫೇಸ್ ಬಂತು’ ಮೆಸೇಜಿಗೆ ಬಳಸಿ. ಬೋರ್ಡಿನ ಸಪ್ಲೈಗೆ ನ್ಯೂಟ್ರಲ್ ಸಿಗಲಿಲ್ಲವೆಂದು ಅರ್ತ್ ರಾಡನ್ನು ನ್ಯೂಟ್ರಲ್ ಮಾಡಿಕೊಳ್ಳುವುದು ಕಂಡುಬರುತ್ತದೆ. ದಯವಿಟ್ಟು ಬೇಡ. ಎರಡು ಫೇಸ್ ನಡುವೆ 415ರಿಂದ 12 ವೋಲ್ಟ್‌ಗೆ ಇಳಿಸುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ.

ಮೋಟರ್ ನಿಜಕ್ಕೂ ಓಡುತ್ತಿದೆಯೇ ಎಂದು ತಿಳಿಯಲು ಒಂದು ಫೇಸ್‌ಗೆ ಸಿಟಿ ಸೆನ್ಸರ್ (ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವುದು) ಹಾಕಿ. ರಿಲೇ ಒತ್ತಿದ್ದಕ್ಕೇ ‘ಮೋಟರ್ ಆನ್’ ಎಂದು ಮೆಸೇಜ್ ಕಳಿಸುವ ಕಂಟ್ರೋಲರ್ ಸುಳ್ಳು ಹೇಳುತ್ತದೆ, ಊರಿನಲ್ಲಿ ಕೂತವರು ಅದನ್ನು ನಂಬುತ್ತಾರೆ. ಕರೆಂಟ್ ಹರಿದದ್ದು ಕಂಡ ಮೇಲೆ ಕಳಿಸಿ. ನೀರು ತುಂಬಿ ಬರುವಾಗ ಎಷ್ಟು ಆಂಪಿಯರ್ ಎಂದು ಬರೆದಿಟ್ಟುಕೊಳ್ಳಿ. ಮುಂದೆ ಆಂಪಿಯರ್ ಅದಕ್ಕಿಂತ ಬಹಳ ಇಳಿದು 10 ಸೆಕೆಂಡ್ ಹಾಗೇ ಇದ್ದರೆ ಬೋರ್ ಒಣಗಿದೆ, ನಿಲ್ಲಿಸಿ.

ತೋಟದ_ಸರ್ಕಿಟ್

ವೈರ್ ಬೆಸುಗೆ ಹಾಕಿ, 4.0 ವೋಲ್ಟ್ ಮತ್ತು ಕೆಪಾಸಿಟರ್ ಕೊಟ್ಟ ಮೇಲೆ ಕಾಲ್ ಬಂದರೂ ರೀಸ್ಟಾರ್ಟ್ ಆಗುತ್ತಿಲ್ಲ, ಸಿಎಸ್‌ಕ್ಯೂ 17. ಎರಡು ಸಂಶಯ ಉಳಿದಿವೆ. ಕರೆಂಟ್ ಹೋದಾಗ ಬೋರ್ಡೂ ಹೋಗುತ್ತದೆ, ಹಾಗಾದರೆ ‘ಕರೆಂಟ್ ಹೋಯ್ತು’ ಎಂದು ಹೇಳುವುದು ಹೇಗೆ? ಬೇರೆ ಯಾರೋ ಕಾಲ್ ಮಾಡಿದರೂ ಮೋಟರ್ ಆನ್ ಆದರೆ? ಮನೆಯ ಹಿರಿಯರಿಗೆ ಮೆಸೇಜ್ ಕನ್ನಡದಲ್ಲೇ ಹೋದರೆ ಚೆನ್ನ.

ಬೆಸುಗೆಕಡ್ಡಿ

18650 ಲಿಥಿಯಂ ಸೆಲ್ ಒಂದು ಸಾಕು. ಅದರ 3.7–4.2 ವೋಲ್ಟ್ ಸಿಮ್800ಎಲ್‌ಗೆ ಹೇಳಿ ಮಾಡಿಸಿದಂತಿದೆ. ಪ್ರೊಟೆಕ್ಷನ್ ಇರುವ ಚಾರ್ಜರ್ ಬೋರ್ಡ್ ಬಳಸಿ, ಸೆಲ್‌ನಿಂದ ನೇರ ಮಾಡ್ಯೂಲಿಗೆ ಕೊಡಿ, 1000 ಮೈಕ್ರೋಫ್ಯಾರಡ್ ಇದ್ದಲ್ಲೇ ಇರಲಿ. ಬಿಸಿಲಿಗೆ ಕಾದ ಕಬ್ಬಿಣದ ಬಾಕ್ಸಿನೊಳಗೆ ಮಾತ್ರ ಸೆಲ್ ಇಡಬೇಡಿ, ನೆರಳಿನಲ್ಲಿ ಬೇರೆ ಪ್ಲಾಸ್ಟಿಕ್ ಡಬ್ಬಿ.

ಟವರ್ ಕಂಡವ

ನಂಬರ್ ತಪಾಸಣೆಗೆ ಸಿಎಲ್‌ಐಪಿ ಅನ್ನು 1 ಮಾಡಿ. ರಿಂಗ್ ಜೊತೆಗೆ ಕರೆ ಮಾಡಿದ ನಂಬರ್ ಬರುತ್ತದೆ. ಒಮ್ಮೆ ಪ್ಲಸ್ 91 ಸೇರಿ, ಒಮ್ಮೆ ಸೊನ್ನೆ ಸೇರಿ ಬರಬಹುದು, ಕೊನೆಯ 10 ಅಂಕಿ ಮಾತ್ರ ಹೋಲಿಸಿ. ಪಟ್ಟಿಯಲ್ಲಿದ್ದರೆ ಎಟಿಎಚ್ ಕೊಟ್ಟು ಕಟ್ ಮಾಡಿ, ಆಮೇಲೆ ಮೋಟರ್ ಆನ್. ಕಾಲ್ ಕಟ್ ಆದದ್ದೇ ಹಣ ಖರ್ಚಿಲ್ಲದ ರಸೀದಿ. ಕರೆ ಮಾಡಿದ ನಂಬರನ್ನು ನಕಲಿ ಮಾಡಲು ಸಾಧ್ಯ, ಆದ್ದರಿಂದ ನಂಬರ್ ಬದಲಿಸುವಂಥ ಆದೇಶಗಳಿಗೆ ಎಸ್‌ಎಂಎಸ್‌ನಲ್ಲಿ ಗುಪ್ತ ಸಂಖ್ಯೆಯೂ ಇರಲಿ.

ಸಿಎನ್‌ಎಂಐ 2,2,0,0,0 ಇಟ್ಟರೆ ಎಸ್‌ಎಂಎಸ್ ಸಿಮ್‌ನಲ್ಲಿ ಕೂರದೆ ನೇರ ಸೀರಿಯಲ್‌ಗೆ ಬರುತ್ತದೆ. ಸಿಮ್‌ನಲ್ಲಿ ಉಳಿಸುವ ರೀತಿಯಲ್ಲಿ ಬರೆದಿದ್ದರೆ, ಆಪರೇಟರ್ ಜಾಹೀರಾತುಗಳಿಂದ ಜಾಗ ತುಂಬಿ ಒಂದು ದಿನ ನಿಮ್ಮ ಮೆಸೇಜ್ ಬರುವುದೇ ನಿಲ್ಲುತ್ತದೆ. ಕೋಡ್‌ನಲ್ಲಿ ಉದ್ದ ಡಿಲೇ ಇರಬಾರದು. ಉನೊದ ಸೀರಿಯಲ್ ಬಫರ್ ಬರೀ 64 ಬೈಟ್, ಮೆಸೇಜಿನ ತಲೆಬರಹಕ್ಕೇ ಅದು ತುಂಬಿಬಿಡುತ್ತದೆ. ನಿಮಿಷಕ್ಕೊಮ್ಮೆ ಎಟಿ ಕಳಿಸಿ, ಸತತ ಮೂರು ಸಲ ‘ಓಕೆ’ ಬರದಿದ್ದರೆ ರೀಸೆಟ್ ಪಿನ್ ಅನ್ನು 200 ಮಿಲಿಸೆಕೆಂಡ್ ಗ್ರೌಂಡಿಗೆ ಎಳೆಯಿರಿ.

ಕನ್ನಡ ಮೆಸೇಜಿಗೆ ಅಕ್ಷರ ಸಂಕೇತ ಆರಿಸುವ ಸಿಎಸ್‌ಸಿಎಸ್ ಅನ್ನು ಯುಸಿಎಸ್2 (ಯೂನಿಕೋಡ್) ಮಾಡಿ, ಸಿಎಸ್‌ಎಂಪಿ 17,167,0,8. ಆಗ ಅಕ್ಷರಗಳಷ್ಟೇ ಅಲ್ಲ, ಕಳಿಸುವ ಫೋನ್ ನಂಬರನ್ನೂ ಹೆಕ್ಸ್‌ನಲ್ಲೇ ಕೊಡಬೇಕು, ಬಹಳ ಮಂದಿ ಇಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಮೆಸೇಜಿಗೆ 70 ಸಂಕೇತ ಮಾತ್ರ, ಅದರಲ್ಲಿ ಗುಣಿತ, ಒತ್ತು, ಖಾಲಿ ಜಾಗ ಎಲ್ಲ ಬೇರೆ ಬೇರೆ ಲೆಕ್ಕ. ‘ಮೋಟರ್ ಆನ್ ಆಗಿದೆ’ ಎನ್ನುವುದಕ್ಕೇ 15 ಹೋಗುತ್ತದೆ. ಇರುವ ನಾಲ್ಕೈದು ಮೆಸೇಜುಗಳ ಹೆಕ್ಸನ್ನು ಕಂಪ್ಯೂಟರಿನಲ್ಲಿ ಮೊದಲೇ ಮಾಡಿ ಫ್ಲ್ಯಾಶ್‌ನಲ್ಲಿ ಇಟ್ಟುಬಿಡಿ, ಉನೊದಲ್ಲಿ ಪರಿವರ್ತಿಸುವ ಗೋಜು ಬೇಡ.

ಪ್ಯಾನೆಲ್ ವೈರಿಂಗ್

ಕಾಂಟ್ಯಾಕ್ಟರ್ ಬಿಡುವ ಕ್ಷಣಕ್ಕೆ ಬೋರ್ಡ್ ಹ್ಯಾಂಗ್ ಆಗುವುದು ಮುಂದಿನ ತೊಂದರೆ, ಈಗಲೇ ತಡೆಯಿರಿ. 415 ವೋಲ್ಟ್ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ ಹಾಕಿ. ಕೆಪಾಸಿಟರ್ 440 ವೋಲ್ಟ್ ಎಸಿಯ ಎಕ್ಸ್1 ದರ್ಜೆಯದೇ ಆಗಬೇಕು. ಸಿಟಿ ಸೆನ್ಸರ್ ವೈರನ್ನು ಮೋಟರ್ ಕೇಬಲ್ ಜೊತೆಗಾಗಲಿ ಆಂಟೆನಾ ಕೇಬಲ್ ಜೊತೆಗಾಗಲಿ ಕಟ್ಟಬೇಡಿ. ಮತ್ತೆ, ಬಾಕ್ಸ್ ತೆರೆಯುವ ಮುನ್ನ ಮೇನ್ ಸ್ವಿಚ್ ಇಳಿಸಿ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ರಿಮೋಟ್‌ನಲ್ಲಿ ಓಡುವ ಮೋಟರಿಗೆ ನೀವು ಒಳಗೆ ಕೈ ಹಾಕಿದ್ದು ತಿಳಿಯುವುದಿಲ್ಲ.