ಬ್ರೇಕ್ ಪೆಡಲ್ ಮೆತ್ತಗಿದೆ, ಸ್ಟೀಲ್ ಹೋಸ್ ಹಾಕಿಸಬಹುದಾ?

ತೀರ್ಥಹಳ್ಳಿ ಡೀಸೆಲ್:
ನನ್ನದು 2013ರ ಡೀಸೆಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಗಾಡಿ ನಿಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಪೆಡಲ್ ಅರ್ಧದವರೆಗೆ ಸುಮ್ನೆ ಒಳಗೆ ಹೋಗುತ್ತದೆ, ಮಳೆಯಲ್ಲಿ ನೆನೆದ ಅಡಿಕೆ ಹಾಳೆ ಮೇಲೆ ಕಾಲಿಟ್ಟ ಹಾಗೆ. ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ, ಹಾಗಾಗಿ ಆಗುಂಬೆ ಘಾಟಿ ಇಳಿಯುವುದು ತಪ್ಪಿದ್ದಲ್ಲ. ಆ 14 ತಿರುವುಗಳಲ್ಲಿ ಎದುರಿಗೆ ಬಸ್ ಬಂದಾಗ ಬ್ರೇಕ್ ಎಲ್ಲಿ ಹಿಡಿಯುತ್ತದೆ ಅಂತ ಕಾಲಿಗೆ ಗೊತ್ತಾಗಬೇಕು, ಅಲ್ವಾ?

ಮುಂದಿನ ಪ್ಯಾಡ್ ಹೊಸದು. ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿಸು, ಪೆಡಲ್ ಗಟ್ಟಿಯಾಗುತ್ತದೆ ಅಂತ ಬೆಂಗಳೂರಿನ ಭಾವ ಹೇಳುತ್ತಿದ್ದಾರೆ. ಹಾಕಿಸಿದವರು ಯಾರಾದರೂ ಇದ್ದೀರಾ?

ಸಾಗರದ ಸ್ಪ್ಯಾನರ್:
ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಮಾರಾಯ್ರೆ, ರೋಗ ಯಾವುದು ಅಂತ ನೋಡದೆ ಔಷಧಿ ಯಾಕೆ ತರ್ತೀರಿ?

ಬ್ರೇಕ್ ಪೈಪ್ ಬಹುಪಾಲು ಲೋಹದ್ದೇ. ಚಕ್ರ ಅಲ್ಲಾಡುವ ಕಡೆ ಮಾತ್ರ ಗೇಣುದ್ದದ ರಬ್ಬರ್ ಹೋಸ್ ಇರುತ್ತದೆ. ಹಳೆಯದಾದರೆ ಒತ್ತಡಕ್ಕೆ ಅದು ಸ್ವಲ್ಪ ಉಬ್ಬುತ್ತದೆ, ನಿಜ. ಸ್ಟೀಲ್ ಹೋಸ್ ಆ ಉಬ್ಬುವಿಕೆಯನ್ನಷ್ಟೇ ತಡೆಯುತ್ತದೆ. ಅರ್ಧ ಪೆಡಲ್ ಖಾಲಿ ಹೋಗುವುದಕ್ಕೆ ಬೇರೆಯೇ ಕಾರಣ ಇರಬೇಕು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಸ್ಟಾರ್ಟ್‌ನಲ್ಲಿರಲಿ. ಒಮ್ಮೆ ಒತ್ತಿ ಬಿಟ್ಟು, ತಕ್ಷಣ ಇನ್ನೊಮ್ಮೆ ಒತ್ತಿ. ಎರಡನೇ ಸಲ ಪೆಡಲ್ ಮೇಲೆಯೇ ಹಿಡಿದರೆ ಒಂದೋ ಲೈನಿನಲ್ಲಿ ಏರ್ ಇದೆ, ಇಲ್ಲವೇ ಹಿಂದಿನ ಶೂ (ಡ್ರಮ್ ಒಳಗೆ ಒತ್ತಿ ಹಿಡಿಯುವ ಭಾಗ) ಡ್ರಮ್‌ನಿಂದ ದೂರ ನಿಂತಿದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದು ಮತ್ತೆ ಒತ್ತಿ ನೋಡಿ. ಆಗ ಮೊದಲ ಸಲಕ್ಕೇ ಮೇಲೆ ಹಿಡಿದರೆ ಶೂ ಅಡ್ಜಸ್ಟ್‌ಮೆಂಟೇ ಕಾರಣ. ನಮ್ಮ ಕಡೆ ಇದು ಜಾಸ್ತಿ. ಮಳೆಗಾಲ ಪೂರ್ತಿ ಕೆಸರು, ಥಂಡಿ. ಡ್ರಮ್ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುವುದೇ ಇಲ್ಲ. ಪ್ಯಾಡ್ ಹಾಕುವಾಗ ಡ್ರಮ್ ಬಿಚ್ಚುವವರು ಎಷ್ಟು ಜನ ಹೇಳಿ!

ಕಾಲು ಒತ್ತಿ ಹಿಡಿದೇ ಇದ್ದರೂ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ ಮಾತ್ರ ಘಾಟಿ ಕಡೆ ಹೋಗಲೇಬೇಡಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಹೋಗಿರುತ್ತದೆ, ಅಥವಾ ಎಲ್ಲೋ ಸೋರುತ್ತಿರುತ್ತದೆ.

ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು?

ಹೊಸನಗರ ಜೀಪು:
ನಾನು ಹಾಕಿಸಿದ್ದೇನೆ. ವ್ಯತ್ಯಾಸ ಗೊತ್ತಾಗುತ್ತದೆ, ಕಾಲಿಗೆ ಚುರುಕು ಅನ್ನಿಸುತ್ತದೆ. ಆದರೆ ಗಾಡಿ ಮೊದಲಿಗಿಂತ ಬೇಗ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೋರಾಗಿ ಒತ್ತಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಅನ್ನುತ್ತಿದೆ ಅಂದರೆ ಬ್ರೇಕಿಗೆ ಶಕ್ತಿ ಸಾಕಷ್ಟಿದೆ ಅಂತಲೇ ಅರ್ಥ. ಆಮೇಲಿನದು ಟೈರಿನ ಕೆಲಸ.

ಹಾಕಿಸುವುದಾದರೆ ಹೊರಗೆ ಪ್ಲಾಸ್ಟಿಕ್ ಕೋಟಿಂಗ್ ಇರುವುದನ್ನೇ ತಗೊಳ್ಳಿ. ಬರೀ ತಂತಿ ಹೆಣಿಗೆಯಾದರೆ ನಮ್ಮ ರಸ್ತೆಯ ಮಣ್ಣು, ಮರಳು ಹೆಣಿಗೆಯೊಳಗೆ ಸೇರಿ, ಅದರೊಳಗೆ ಆಯಿಲ್ ಹರಿಯುವ ಟೆಫ್ಲಾನ್ ಕೊಳವೆಯನ್ನು ಉಜ್ಜುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಫಿಟ್ ಮಾಡಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಟೈರಿಗೆ ತಾಗುತ್ತದಾ, ಬಿಗಿಯಾಗುತ್ತದಾ ನೋಡಿ. ತಾಮ್ರದ ವಾಷರ್ ಹೊಸದೇ ಹಾಕಿಸಿ. ಹಳೆಯದನ್ನೇ ಒರೆಸಿ ಹಾಕುವ ಚಾಳಿ ಕೆಲವರಿಗಿದೆ.

ನನ್ನ ಕೇಳಿದರೆ 2013ರ ಗಾಡಿಗೆ ಕಂಪನಿಯ ಹೊಸ ರಬ್ಬರ್ ಹೋಸ್ ಸಾಕು.

ತೀರ್ಥಹಳ್ಳಿ ಡೀಸೆಲ್:
ನೋಡಿದೆ. ಎರಡನೇ ಸಲ ಮೇಲೆ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದರೆ ಮೊದಲ ಸಲಕ್ಕೇ! ಶಿವಮೊಗ್ಗಕ್ಕೆ ಹೋದಾಗ ಆಟೋ ಕಾಂಪ್ಲೆಕ್ಸ್‌ನಲ್ಲಿ ಡ್ರಮ್ ಬಿಚ್ಚಿಸುತ್ತೇನೆ. ಬ್ರೇಕ್ ಆಯಿಲ್ ಬಿಲ್ ಯಾವುದೂ ಸಿಗಲಿಲ್ಲ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತ ಆಯಿಲಿನ ದರ್ಜೆ ಬರೆದಿದೆ. ಡಾಟ್ 4 ಅಥವಾ 5 ಹಾಕಿದರೆ ಇನ್ನೂ ಒಳ್ಳೆಯದಾ?

ಸಾಗರದ ಸ್ಪ್ಯಾನರ್:
ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ನಮ್ಮೂರಿನ ಗಾಳಿ ಗೊತ್ತಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದಕ್ಕಿರುವ ಮಿತಿ 140 ಮಾತ್ರ. ಡಾಟ್ 4ಕ್ಕೆ ಅದು 230 ಮತ್ತು 155. ಘಾಟಿಯಲ್ಲಿ ಬ್ರೇಕ್ ಮೇಲೇ ಇಳಿದರೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು, ಸುಟ್ಟ ವಾಸನೆ ಬಂದು, ಗಾಡಿ ನಿಲ್ಲದಿದ್ದರೆ ಅದು ಪ್ಯಾಡ್ ಕಾದದ್ದು. ಎರಡೂ ಬೇಡ ಅಂದರೆ ಮೇಲಿಂದಲೇ ಎರಡನೇ ಗೇರಿನಲ್ಲಿ ಇಳಿಯಿರಿ. ಹಿಂದಿನವನು ಹಾರ್ನ್ ಹೊಡೆದುಕೊಳ್ಳಲಿ.

ಡಾಟ್ 4 ಧಾರಾಳವಾಗಿ ಹಾಕಿ. ಡಾಟ್ 5 ಬೇಡ, ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ. 5.1 ಅಂತ ಬರುವುದು ಬೇರೆ, ಅದು ಸೇರುತ್ತದೆ. ಸೀಲ್ ಇರುವ ಡಬ್ಬಿ ನಿಮ್ಮ ಎದುರೇ ಒಡೆಸಿ. ಮೊದಲು ಶೂ ಅಡ್ಜಸ್ಟ್ ಮಾಡಿಸಿ, ಆಮೇಲೆ ನಾಲ್ಕೂ ಚಕ್ರದಲ್ಲಿ ಏರ್ ತೆಗೆಸಿ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಲು ಹೇಳಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.