ಮಳೆಯಲ್ಲಿ ನಾಲೆ ದಂಡೆಯ 25 ಕಿಲೋಮೀಟರ್

ಎಲ್ರಿಗೂ ನಮಸ್ಕಾರ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಮೆಸೇಜ್. ಸ್ವಲ್ಪ ಉದ್ದ ಇದೆ, ಹೊರಡೋರೆಲ್ಲ ಪೂರ್ತಿ ಕೇಳಿಸ್ಕೊಳ್ಳಿ. ಪುಟ್ಟಿ, ನೀನು ಕೇಳಿದ್ದು ಭಾನುವಾರದ ನಡಿಗೆ ಬಗ್ಗೆ. ನಾಲೆ ಪಕ್ಕ 25 ಕಿಲೋಮೀಟರ್, ದಿನವಿಡೀ ಮಳೆ ಅಂತ ಮುನ್ಸೂಚನೆ, ‘ದಾರಿ ಸಮತಟ್ಟಾಗಿದೆ, ಒಳ್ಳೇ ರೈನ್‌ಕೋಟ್ ಇದ್ರೆ ಸಾಕಲ್ವಾ’ ಅಂದೆ. ಸಾಕಾಗಲ್ಲ. ಅಷ್ಟು ಹೊತ್ತು ಮಳೇಲಿ ನಡೆದ್ರೆ ಯಾವ ಕೋಟ್ ಹಾಕಿದ್ರೂ ಒದ್ದೆ ಆಗೇ ಆಗ್ತೀರ. ಒದ್ದೆ ಆದಮೇಲೂ ಮೈ ಬೆಚ್ಚಗಿರಬೇಕು, ಪಾದದ ಚರ್ಮ ಉಳೀಬೇಕು, ಅಷ್ಟನ್ನ ಇಟ್ಕೊಂಡು ತಯಾರಿ ಮಾಡಿ.

ಮೊದಲು ಹೊತ್ತಿನ ಲೆಕ್ಕ. ಒಣ ದಾರೀಲಿ ಗಂಟೆಗೆ 5 ಕಿಲೋಮೀಟರ್ ನಡೆಯೋರು ಕೆಸರಲ್ಲಿ ಮೂರೂವರೆ, ನಾಲ್ಕಕ್ಕೆ ಇಳೀತಾರೆ. ಅಂದ್ರೆ ನಡಿಗೆಗೇ ಆರೂವರೆ ಏಳು ಗಂಟೆ, ನಿಲ್ಲೋದು ಕೂರೋದು ಸೇರಿಸಿದ್ರೆ ಎಂಟರ ಮೇಲೆ. ಮೋಡ ಕವಿದ ದಿನ ಕತ್ತಲೆ ಬೇಗ ಆಗತ್ತೆ. ಬೆಳಕು ಹರಿಯುತ್ತಲೇ ಹೊರಡಿ, ಒಂದು ಹೆಡ್‌ಟಾರ್ಚ್ ಇರಲಿ. ಇನ್ನೊಂದು ವಿಷಯ, ನಾಲೆ ನೆಲದ ಮಟ್ಟ ಹಿಡಿದು ಬಳಸಿ ಬಳಸಿ ಹೋಗತ್ತೆ. ನಕ್ಷೇಲಿ ಎರಡು ಊರಿನ ನಡುವೆ ನೇರ ಗೆರೆ ಎಳೆದು ಅಳೆದಿದ್ರೆ ಆ ದೂರ ಸುಳ್ಳು. ನಾಲೆಯ ಗೆರೆ ಮೇಲೇ ಬೆರಳಿಟ್ಟು ಇನ್ನೊಮ್ಮೆ ಅಳೀರಿ.

ಹಾಗೆ ಅಳೆಯೋವಾಗಲೇ ಸೇತುವೆಗಳನ್ನ ಗುರುತು ಹಾಕ್ಕೊಳ್ಳಿ. ಯಾವ ಸೇತುವೆ ಹತ್ರ ಡಾಂಬರು ರಸ್ತೆ ಸಿಗತ್ತೆ, ಅದು ಯಾವ ದಂಡೆ ಕಡೆ ಇದೆ, ಒಂದು ಸೇತುವೆಯಿಂದ ಮುಂದಿನದಕ್ಕೆ ಎಷ್ಟು ದೂರ. ಬೆಟ್ಟದ ದಾರೀಲಾದ್ರೆ ಅಡ್ಡದಾರಿ ಹಿಡಿದು ಇಳೀಬಹುದು. ಇಲ್ಲಿ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕೆಸರು ಗದ್ದೆಯೋ ಬೇಲಿಯೋ ಇರತ್ತೆ, ಸೇತುವೆ ಬರೋವರೆಗೂ ಹೊರಗೆ ದಾರಿ ಇಲ್ಲ. ನಾಲ್ಕೈದು ಕಿಲೋಮೀಟರ್ ಸೇತುವೇನೇ ಇಲ್ಲದ ಭಾಗ ಇದ್ರೆ, ಅದರೊಳಗೆ ಕಾಲಿಡೋ ಮುಂಚೆ ಎಲ್ಲರ ಸ್ಥಿತಿ ನೋಡಿ ತೀರ್ಮಾನ ಮಾಡಿ. ಸೇತುವೆ ಮೇಲಿನ ನಂಬರು, ದಂಡೆ ಮೇಲಿನ ಕಿಲೋಮೀಟರ್ ಕಲ್ಲು ಓದ್ಕೊಂಡು ಹೋಗಿ. ಸಹಾಯಕ್ಕೆ ಫೋನ್ ಮಾಡಬೇಕಾಗಿ ಬಂದ್ರೆ ‘ನಾಲೆ ಹತ್ರ ಇದೀವಿ’ ಅನ್ನೋದರಿಂದ ಯಾರಿಗೂ ಏನೂ ಗೊತ್ತಾಗಲ್ಲ, ಕಲ್ಲಿನ ನಂಬರು ಹೇಳಿದ್ರೆ ನೇರ ಅಲ್ಲಿಗೇ ಬರ್ತಾರೆ.

ಈಗ ಪಾದ. ಮಳೆ ನಡಿಗೆ ಅರ್ಧಕ್ಕೆ ನಿಲ್ಲೋದು ಹೆಚ್ಚಾಗಿ ಇದರಿಂದಲೇ, ಅದಕ್ಕೇ ನಿಧಾನವಾಗಿ ಹೇಳ್ತೀನಿ. ಗಂಟೆಗಟ್ಟಲೆ ನೆನೆದ ಚರ್ಮ ಬೆಳ್ಳಗಾಗಿ, ಸುಕ್ಕುಗಟ್ಟಿ, ಮೆತ್ತಗಾಗತ್ತೆ. ಆ ಸುಕ್ಕಿನ ಮಡಿಕೆ ಮೇಲೆ ಮೈಭಾರ ಬಿದ್ದು ಉಜ್ಜಿದ್ರೆ ಅಂಗಾಲಿನ ಚರ್ಮ ಸೀಳತ್ತೆ ಅಥವಾ ದೊಡ್ಡ ಗುಳ್ಳೆ ಏಳತ್ತೆ. 25 ಕಿಲೋಮೀಟರಿಗೆ 30,000ಕ್ಕೂ ಹೆಚ್ಚು ಹೆಜ್ಜೆ ಬೀಳತ್ತೆ. ಅದೂ ಸಮತಟ್ಟು ದಾರೀಲಿ ಪ್ರತಿ ಹೆಜ್ಜೆಯೂ ಒಂದೇ ಥರ, ಒಂದೇ ಜಾಗಕ್ಕೆ ಉಜ್ಜತ್ತೆ. ಏರಿಳಿತ ಇದ್ದಿದ್ರೆ ಒತ್ತಡ ಜಾಗ ಬದಲಿಸ್ತಿತ್ತು.

ಹಾಗಾಗಿ ಬೆಳಗ್ಗೆ ಕಾಲು ಪೂರ್ತಿ ಒಣಗಿದ್ದಾಗಲೇ ಹಿಮ್ಮಡಿ, ಹೆಬ್ಬೆರಳ ಪಕ್ಕ, ಹೀಗೆ ನಿಮಗೆ ಗುಳ್ಳೆ ಏಳೋ ಜಾಗ ಯಾವುದೋ ಅಲ್ಲಿಗೆ ಗಾಯಕ್ಕೆ ಹಾಕೋ ಅಂಟು ಟೇಪ್ ಹಚ್ಚಿ. ಟೇಪಿನ ಮೂಲೆಗಳನ್ನ ಕತ್ತರಿಯಿಂದ ದುಂಡಗೆ ಮಾಡಿ, ಇಲ್ಲಾಂದ್ರೆ ಮೂಲೆಯಿಂದಲೇ ಸುರುಳಿ ಬಿಚ್ಚತ್ತೆ. ಒದ್ದೆ ಚರ್ಮಕ್ಕೆ ಟೇಪ್ ಹಿಡಿಯಲ್ಲ, ‘ಆಮೇಲೆ ನೋಡೋಣ’ ಅಂದ್ರೆ ಆಗಲ್ಲ. ಟೇಪ್ ಅಂಟಿದ ಮೇಲೆ ಉಳಿದ ಪಾದಕ್ಕೆ, ಬೆರಳ ಸಂದಿಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಸವರಿ. ತೊಡೆ ಸಂದಿ, ಕಂಕುಳಿಗೂ ಹಚ್ಚಿ, ಒದ್ದೆ ಬಟ್ಟೆ ಅಲ್ಲೂ ಚರ್ಮ ಕೆರೆಯತ್ತೆ.

ಸಾಕ್ಸ್ ಉಣ್ಣೆದೋ ಸಿಂಥೆಟಿಕ್ಕೋ ಇರಲಿ, ಹತ್ತಿದು ಬೇಡ. ಒಬ್ಬೊಬ್ಬರಿಗೆ ಮೂರು ಜೊತೆ, ಅದರಲ್ಲಿ ಒಂದನ್ನ ನಡಿಗೆ ಮುಗಿಯೋವರೆಗೂ ಮುಟ್ಟಬೇಡಿ. ಎರಡು ಗಂಟೆಗೊಮ್ಮೆ ಸೇತುವೆ ಕೆಳಗೋ ಸೂರಿನ ಕೆಳಗೋ ಕೂತು ಶೂ ಬಿಚ್ಚಿ, ಸಾಕ್ಸ್ ಹಿಂಡಿ, ಪಾದ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ. ಹಿಂಡಿದ್ದನ್ನೇ ಮತ್ತೆ ಹಾಕ್ಕೊಂಡ್ರೂ ಪರವಾಗಿಲ್ಲ, ಆ ಹತ್ತು ನಿಮಿಷವೇ ಮುಖ್ಯ. ಎಲ್ಲಾದ್ರೂ ಬಿಸಿಯಾಗಿ ಚುರುಗುಟ್ಟಿದ್ರೆ ಮುಂದಿನ ಸೇತುವೆವರೆಗೆ ತಳ್ಳಬೇಡಿ, ಅಲ್ಲೇ ನಿಲ್ಲಿ. ಗುಂಪನ್ನ ನಿಲ್ಲಿಸೋಕೆ ಸಂಕೋಚಪಟ್ಟು ಸುಮ್ಮನಾಗೋರಿಗೇ ಸಂಜೆ ಗುಳ್ಳೆ ಒಡೆದಿರತ್ತೆ. ಗುಳ್ಳೆ ಎದ್ದೇ ಬಿಟ್ರೆ ಮೇಲಿನ ಚರ್ಮ ಕೀಳಬೇಡಿ, ಮುಚ್ಚಿ ಕಟ್ಟಿ.

ಶೂ ಬಗ್ಗೆ ಅತ್ತಿಗೆ ವಾಟರ್‌ಪ್ರೂಫ್ ಕೊಳ್ಳೋಣ್ವಾ ಅಂತ ಕೇಳಿದ್ರು. ಇಂಥ ದಿನಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ನೀರು ತಳದಿಂದ ಬರೋದಕ್ಕಿಂತ ಮೇಲಿನ ಬಾಯಿಂದ, ಕಾಲಿನ ಗುಂಟ ಇಳಿದು ಬರತ್ತೆ. ಒಮ್ಮೆ ಒಳಗೆ ಹೋಯ್ತೋ, ವಾಟರ್‌ಪ್ರೂಫ್ ಶೂ ಬಕೆಟ್ ಇದ್ದ ಹಾಗೆ, ಹೊರಗೆ ಬಿಡಲ್ಲ. ಸೆಖೆ ದಿನಕ್ಕೆ ಜಾಲರಿ ಬಟ್ಟೆಯ, ತಳದಲ್ಲಿ ಆಳವಾದ ಹಲ್ಲಿರೋ, ಪಳಗಿದ ಶೂ ಒಳ್ಳೇದು, ನೆನೆದಷ್ಟೇ ಬೇಗ ನೀರು ಬಿಡತ್ತೆ. ಚಳಿ ಕೊರೆಯೋ ಜಾಗದಲ್ಲಿ ಮಾತ್ರ ವಾಟರ್‌ಪ್ರೂಫಿಗೆ ಅರ್ಥ ಇದೆ. ಪ್ಯಾಂಟಿನ ಅಂಚು ಶೂ ಹೊರಗೆ ಇಳಿಬಿಡಿ. ಸಾಕ್ಸ್ ಒಳಗೆ ಸಿಕ್ಕಿಸಿದ್ರೆ ಪ್ಯಾಂಟಿನ ನೀರೆಲ್ಲ ಸೀದಾ ಶೂ ಒಳಗೆ. ಹೊಸ ಶೂ ಯಾರೂ ಹಾಕ್ಕೊಂಡು ಬರಬೇಡಿ, ದಯವಿಟ್ಟು.

ಬಟ್ಟೆ ವಿಷಯ ಬೇಗ ಹೇಳ್ತೀನಿ. ಜೀನ್ಸ್, ಹತ್ತಿ ಬನಿಯನ್ ಎರಡೂ ಬೇಡ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯತ್ತೆ, ಹತ್ತಿ ಆ ನೀರನ್ನ ಮೈಗೆ ಅಂಟಿಸಿಟ್ಟುಕೊಳ್ಳತ್ತೆ. ತೆಳು ಪಾಲಿಯೆಸ್ಟರ್, ಚಳಿ ಇದ್ರೆ ಮೇಲೊಂದು ಫ್ಲೀಸ್, ಅಂದ್ರೆ ಮೆತ್ತನೆ ಸಿಂಥೆಟಿಕ್ ಸ್ವೆಟರ್, ಅದರ ಮೇಲೆ ಕೋಟ್. ಕೋಟಿನ ಕಂಕುಳ ಜಿಪ್ ತೆಗೆದಿಡಿ, ಇಲ್ಲಾಂದ್ರೆ ಮಳೆಗಿಂತ ಬೆವರಲ್ಲೇ ನೆನೀತೀರ. ಗಾಳಿ ಇಲ್ಲದಿದ್ರೆ ದಂಡೆ ಮೇಲೆ ಕೊಡೆಯಷ್ಟು ಹಾಯಾಗಿರೋದು ಇನ್ನೊಂದಿಲ್ಲ. ಬ್ಯಾಗಿಗೆ ಹೊರಗಿನ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯತ್ತೆ. ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ತಿರುಚಿ ಕಟ್ಟಿ. ಫೋನಿಗೆ ಬೇರೆ ಪೌಚ್. ಹನಿ ಬಿದ್ದ ಸ್ಕ್ರೀನ್ ಬೆರಳಿಗೆ ಸ್ಪಂದಿಸಲ್ಲ, ನಿಮ್ಮ ಫೋನಲ್ಲಿ ಬಟನ್ ಒತ್ತಿ ತುರ್ತು ಕರೆ ಮಾಡೋದು ಹೇಗೆ ಅಂತ ಮನೇಲೇ ನೋಡ್ಕೊಳ್ಳಿ.

ಮಕ್ಕಳು ಬರ್ತಿದಾರೆ ಅನ್ನೋ ಕಾರಣಕ್ಕೆ ನೀರಂಚಿನ ವಿಷಯ ಒತ್ತಿ ಹೇಳ್ತೀನಿ. ದಂಡೆ ನಡುವೆ, ಇಲ್ಲ ಹೊರಗಿನ ಕಡೆ ನಡೀರಿ. ಉದ್ದ ಹುಲ್ಲು ಬೆಳೆದ ಕಡೆ ಅಂಚು ಎಲ್ಲಿ ಮುಗಿಯತ್ತೆ ಅಂತ ಕಾಣಲ್ಲ, ಅದರ ಕೆಳಗಿನ ಮಣ್ಣು ನೀರಿಗೆ ಕೊಚ್ಚಿ ಟೊಳ್ಳಾಗಿರಬಹುದು. ಕಾಂಕ್ರೀಟ್ ಇಳಿಜಾರಿನ ನಾಲೆ ನೋಡೋಕೆ ಸುಲಭ, ಪಾಚಿ ಕಟ್ಟಿದ್ರೆ ಈಜು ಬಂದೋರೂ ಹತ್ತಿ ಬರಲಾರರು. ಕೈಕಾಲು ತೊಳೆಯೋಕೂ ಇಳೀಬೇಡಿ. ಯಾರಾದ್ರೂ ಬಿದ್ರೆ ಹಿಂದೆ ಹಾರಬೇಡಿ. ಬಿದ್ದೋರು ಮೊದಲ ಕ್ಷಣಗಳಲ್ಲಿ ಒದ್ದಾಡದೆ ಬೆನ್ನ ಮೇಲೆ ತೇಲಬೇಕು, ಕಾಲು ಹರಿವಿನ ಕಡೆ ಚಾಚಿ ಮೆಟ್ಟಿಲೋ ಏಣಿಯೋ ಇರೋ ಕಡೆ ಓರೆಯಾಗಿ ಸರೀಬೇಕು. ದಂಡೆ ಮೇಲಿರೋರು ಹೊಟ್ಟೆ ಮೇಲೆ ಮಲಗಿ ಕೋಲು, ಕೊಡೆ ಚಾಚಬೇಕು, ಇಲ್ಲಾಂದ್ರೆ ಹಗ್ಗ ಎಸೀಬೇಕು. ಅದಕ್ಕೇ 15 ಮೀಟರ್ ಹಗ್ಗ ಒಬ್ಬರ ಬ್ಯಾಗಲ್ಲಿ ಮೇಲೇ ಇರಲಿ. ತೂಬಿನ ಬಾಗಿಲು, ನಾಲೆ ನೆಲದಡಿ ನುಗ್ಗೋ ಸೈಫನ್ ಬಾಯಿ, ಈ ಎರಡರ ಹತ್ರ ಸೆಳೆತ ಭಯಂಕರ. ಮಕ್ಕಳ ಕೈ ಹಿಡಿದೇ ದಾಟಿಸಿ. ದಾರಿಗೆ ಅಡ್ಡ ಹಳ್ಳ ಉಕ್ಕಿ ಹರೀತಿದ್ರೆ ಮೊಣಕಾಲಿಗಿಂತ ಕಡಿಮೆ ಇದೆ ಅಂತ ಇಳೀಬೇಡಿ, ರಭಸ ಇದ್ರೆ ಅಷ್ಟೇ ನೀರು ಬೀಳಿಸತ್ತೆ. ಹಿಂದಕ್ಕೆ ಬನ್ನಿ.

ಏರಿ ಕಟ್ಟಿದ ದಂಡೆ ಆದ್ರೆ ಹೊರಗಿನ ಬುಡದ ಕಡೆಗೂ ಕಣ್ಣಿರಲಿ. ತಿಳಿ ನೀರು ಸ್ವಲ್ಪ ಜಿನುಗೋದು ಇದ್ದದ್ದೇ. ಜಿನುಗು ಮಣ್ಣುಬಣ್ಣಕ್ಕೆ ತಿರುಗಿ ಜೋರಾಗ್ತಿದ್ರೆ ದಂಡೆ ಒಳಗಿನ ಮಣ್ಣು ಕೊಚ್ಚಿ ಹೊರಗೆ ಬರ್ತಿದೆ ಅಂತ ಅರ್ಥ, ಏರಿ ಒಡೆಯೋ ಮುಂಚಿನ ಸೂಚನೆ ಅದು. ತಕ್ಷಣ ಅಲ್ಲಿಂದ ದೂರ ಸರಿದು ನಾಲೆ ನೋಡ್ಕೊಳ್ಳೋರಿಗೆ ತಿಳಿಸಿ.

ಗುಡುಗಿದ್ರೆ ವಾದ ಬೇಡ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂದ್ರೆ ಸಿಡಿಲು ಸುಮಾರು 10 ಕಿಲೋಮೀಟರ್ ದೂರ, ಅದೂ ಹತ್ತಿರವೇ. ಬಯಲಿನ ನಡುವೆ ಎತ್ತರದ ದಂಡೆ ಮೇಲೆ ಕೊಡೆ ಹಿಡಿದು ನಿಲ್ಲೋದಕ್ಕಿಂತ ಕೆಟ್ಟ ಜಾಗ ಇಲ್ಲ. ಒಂಟಿ ಮರದ ಕೆಳಗೂ ಬೇಡ. ಗೋಡೆ ಚಾವಣಿ ಇರೋ ಕಟ್ಟಡ ಅಥವಾ ಲೋಹದ ಮೈಯ, ಕಿಟಕಿ ಮುಚ್ಚಿದ ಕಾರು ಹುಡುಕಿ, ಕೊನೆಯ ಗುಡುಗಾಗಿ 30 ನಿಮಿಷ ಕಳೆಯೋವರೆಗೂ ಹೊರಡಬೇಡಿ.

ಚಳಿ ಗಾಳಿ ಇದ್ರೆ ಒಬ್ಬರನ್ನೊಬ್ಬರು ನೋಡ್ಕೊಳ್ಳಿ. ಮಾತು ತೊದಲೋದು, ಹೆಜ್ಜೆ ಎಡವೋದು, ಜಿಪ್ ಹಾಕೋಕೆ ಬೆರಳು ಬರದೇ ಇರೋದು, ಇವೆಲ್ಲ ಮೈ ಬಿಸಿ ಇಳೀತಿರೋ ಲಕ್ಷಣ. ಆಗ ಒದ್ದೆ ಬಟ್ಟೆ ತೆಗೆದು ಒಣದ್ದು ಹಾಕಿಸಿ, ಎಚ್ಚರ ಇದ್ರೆ ಬಿಸಿ ಸಿಹಿ ಪಾನೀಯ ಕೊಡಿ, ನಡಿಗೆ ಅಲ್ಲಿಗೇ ನಿಲ್ಲಿಸಿ. ನಡುಗ್ತಿದ್ದೋರು ಬೆಚ್ಚಗಾಗದೇ ನಡುಕ ನಿಂತ್ರೆ ಅದು ತುರ್ತು ಪರಿಸ್ಥಿತಿ, ಆಸ್ಪತ್ರೆಗೇ ಹೋಗಬೇಕು. ಮಳೇಲಿ ಬಾಯಾರಿಕೆ ಗೊತ್ತಾಗಲ್ಲ, ಪ್ರತಿ ಸೇತುವೆ ಹತ್ರ ನಾಲ್ಕು ಗುಟುಕು ಅಂತ ನಿಯಮ ಮಾಡ್ಕೊಳ್ಳಿ. ನಾಲೆ ನೀರು ಕುಡಿಯೋದು ಬೇಡವೇ ಬೇಡ.

ಮುಗಿಸಿದ ಮೇಲೆ ಕಾಲು ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಮುಟ್ಟದೇ ಇಟ್ಟ ಸಾಕ್ಸ್ ಹಾಕ್ಕೊಳ್ಳಿ. ಶೂ ಒಳಗಿನ ಪದರ ತೆಗೆದು, ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬೆಂಕಿ ಹೀಟರ್ ಹತ್ರ ಇಟ್ರೆ ತಳದ ಅಂಟು ಬಿಡತ್ತೆ. ಕಾಲಲ್ಲಿ ಗಾಯ ಇದ್ದೋರಿಗೆ ಮುಂದಿನ ಮೂರ್ನಾಲ್ಕು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾಗೋದು ಬಂದ್ರೆ, ನಾಲೆ ಕೆಸರಲ್ಲಿ ನಡೆದದ್ದನ್ನ ಡಾಕ್ಟರಿಗೆ ತಪ್ಪದೇ ಹೇಳಿ. ಇಲಿ ಮೂತ್ರ ಸೇರಿದ ನೀರಿಂದ ಬರೋ ಲೆಪ್ಟೊಸ್ಪೈರೋಸಿಸ್ ಬೇಗ ಗೊತ್ತಾದ್ರೆ ಚಿಕಿತ್ಸೆ ಸುಲಭ.

ಪುಟ್ಟಿ, ಸೇತುವೆಗಳ ಪಟ್ಟಿ ಮಾಡಿದ ಮೇಲೆ ಇಲ್ಲೇ ಹಾಕು. ಹಗ್ಗ ಯಾರ ಬ್ಯಾಗಲ್ಲಿ ಅಂತ ಶನಿವಾರದೊಳಗೆ ಒಬ್ಬರು ಹೇಳಿ.